ಈ ತಿಂಗಳು ನನ್ನನ್ನು ಹಿಡಿದಿಟ್ಟವು

ಪ್ರೀತಿಯ ಗೆಳೆಯಾ,

ಈ ತಿಂಗಳು ಏನು ಓದಿದೆ, ಏನು ನೋಡಿದೆ ಅಂತ ಕೇಳಿದ್ದೆಯಲ್ಲ. ಲೆಕ್ಕಕ್ಕೆ ತೆಗೆದುಕೊಂಡರೆ ಕಡಿಮೆಯೇ. ಆದರೆ ಒಂದರ ಕೈ ಹಿಡಿದು ಇನ್ನೊಂದು ಬಂತು, ಹಾಗಾಗಿ ಬಿಡಿಬಿಡಿಯಾಗಿ ಹೇಳಲು ಬರುತ್ತಿಲ್ಲ.

ಮೊದಲು ಸಿಕ್ಕಿದ್ದು ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಆತ್ಮಕಥೆ ‘ನನ್ನ ರಸಯಾತ್ರೆ’. ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಘರಾಣೆಯ, ಅಂದರೆ ಆ ಗಾಯನ ಪರಂಪರೆಯ, ಹಾಡುಗಾರಿಕೆ ಕಲಿತು, ಗ್ರಾಮಫೋನ್ ರೆಕಾರ್ಡುಗಳಿಂದ ಹೆಸರು ಮಾಡಿದ ಮೇಲೂ ಈ ಮನುಷ್ಯ ಜೈಪುರ ಘರಾಣೆಯ ಮಂಜಿಖಾನರ ಮುಂದೆ ಮತ್ತೆ ಶಿಷ್ಯನಾಗಿ ಕೂತರು. 1937ರಲ್ಲಿ ಮಂಜಿಖಾನರು ತೀರಿಕೊಂಡರು. ಆಮೇಲೆ ಅವರ ತಮ್ಮ ಭೂರ್ಜಿಖಾನರ ಬಳಿ ಕಲಿಕೆ ಮುಂದುವರಿಯಿತು. ಪುಸ್ತಕ ಮುಗಿಸಿ ಮನ್ಸೂರರು ಹಾಡಿದ ಶಿವಮತ ಭೈರವ ರಾಗ ಹಾಕಿದೆ. ಉದ್ದನೆಯ ಆಲಾಪದ ಗೊಡವೆಯೇ ಇಲ್ಲ, ನೇರ ತಾಳಬದ್ಧ ರಚನೆಗೆ, ಬಂದಿಶ್‌ಗೆ ಇಳಿಯುತ್ತಾರೆ. ವೇಗದ ಸ್ವರಸರಣಿ, ತಾನ್, ಎಲ್ಲೋ ದೂರ ಹೊರಟುಹೋಯಿತು ಅಂದುಕೊಳ್ಳುವಷ್ಟರಲ್ಲಿ ತಾಳದ ಮೊದಲ ಪೆಟ್ಟಿಗೆ, ಸಮ್‌ಗೆ ಬಂದು ನಿಂತಿರುತ್ತದೆ. ನಡುವೆ ಉಸಿರು ಎಲ್ಲಿ ತೆಗೆದುಕೊಂಡರೋ ತಿಳಿಯುವುದೇ ಇಲ್ಲ. ಹಿಂದೆಯೂ ಇದನ್ನು ಕೇಳಿದ್ದೆ, ಚೆನ್ನಾಗಿದೆ ಅನಿಸಿತ್ತು, ಅಷ್ಟೆ. ಈಗ ಕೇಳಿದರೆ, ಹೆಸರು ಬಂದ ಮೇಲೆ ಇನ್ನೊಂದು ಘರಾಣೆಯನ್ನು ಗಂಟಲಿಗೆ ಹತ್ತಿಸಿಕೊಂಡ ಆ ದುಡಿಮೆಯೂ ಕಿವಿಗೆ ಬೀಳುತ್ತದೆ. ಅವರು ಹಾಡಿದ ಅಕ್ಕಮಹಾದೇವಿಯ ವಚನಗಳನ್ನೂ ಕೇಳು. ಅಲ್ಲಿ ರಾಗ ಮಾತಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತದೆ.

ಸಿನಿಮಾ ಅಂದರೆ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’. ಅನಂತಮೂರ್ತಿಯವರ ಕಥೆ ಆಧರಿಸಿದ 1977ರ ಚಿತ್ರ. ಹಳೆಯ ಪ್ರತಿಯನ್ನು ಸರಿಪಡಿಸಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದರು. ವೇದಪಾಠಕ್ಕೆಂದು ಬಂದ ಪುಟ್ಟ ನಾಣಿಯ ಕಣ್ಣಿನಿಂದಲೇ ಯಮುನಕ್ಕನ ಬದುಕು ಕುಸಿಯುವುದನ್ನು ನೋಡುತ್ತೇವೆ. ವಿಧವೆ, ಬಸುರಿ. ಅವಳು ಹುತ್ತದೊಳಗೆ ಕೈಯಿಡುವಾಗ ಪಕ್ಕದಲ್ಲಿರುವುದು ಆ ಹುಡುಗ ಒಬ್ಬನೇ. ಅಲ್ಲಿ ನನ್ನ ಕೈಯೂ ತಣ್ಣಗಾಯಿತು. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡುತ್ತಾನೆ. ಕೊನೆಗೆ ತಲೆ ಬೋಳಿಸಿದ ಅವಳು ಮರದ ಕೆಳಗೆ ಕೂತಿದ್ದಾಳೆ, ನಾಣಿಯನ್ನು ಅವನಪ್ಪ ಕರೆದುಕೊಂಡು ಹೋಗುತ್ತಿದ್ದಾನೆ. ಹುಡುಗನಿಗೆ ಅವಳ ಮೇಲೆ ಪ್ರಾಣ, ಆದರೆ ಏನೂ ಮಾಡಲಾಗದು.

ಅದೇ ವಾರ ಬಾನು ಮುಷ್ತಾಕರ ‘ಎದೆಯ ಹಣತೆ’ ಕಥೆಯನ್ನು ಮತ್ತೆ ಓದಿದೆ. ದೀಪಾ ಭಾಸ್ತಿಯವರ ಅನುವಾದದ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಅದಕ್ಕೆ ಹೆಸರು ಕೊಟ್ಟ ಕಥೆ. ಗಂಡ ಕೈಬಿಟ್ಟ ಮೆಹರುನ್ ಸೀಮೆಎಣ್ಣೆ ಸುರಿದುಕೊಂಡು ನಿಂತಾಗ, ಕೂಸನ್ನು ಎತ್ತಿಕೊಂಡು ಬಂದು ತಡೆಯುವವಳು ಮಗಳು ಸಲ್ಮಾ. ತವರಿನ ದೊಡ್ಡವರೆಲ್ಲ ಮರ್ಯಾದೆಯ ಮಾತಾಡಿದ್ದರು. ತಾಯಿ ಬೇಕು ಅಂದದ್ದು ಆ ಹುಡುಗಿ. ನಾಣಿಗೆ ಆಗದೇ ಹೋದದ್ದು ಸಲ್ಮಾಗೆ ಆಯಿತು. ಎರಡನ್ನೂ ಒಟ್ಟಿಗೆ ಓದಿ ನೋಡದೆ ಹೋಗಿದ್ದರೆ ನನಗಿದು ಹೊಳೆಯುತ್ತಿರಲಿಲ್ಲ.

ವಿಡಿಯೊಗಳು ಬಹಳ ನೋಡಿದೆ, ಬಹುಪಾಲು ಮರೆತೂ ಹೋಯಿತು. ಉಳಿದದ್ದು ಒಂದು ಕಿರುಚಿತ್ರ, ಚಿದಾನಂದ ನಾಯ್ಕರ ‘ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು’. ಮುದುಕಿಯೊಬ್ಬಳು ಊರಿನ ಹುಂಜ ಕದಿಯುತ್ತಾಳೆ, ಅಲ್ಲಿಗೆ ಬೆಳಗಾಗುವುದೇ ನಿಂತುಹೋಗುತ್ತದೆ. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ ಚಿತ್ರ. ಕತ್ತಲನ್ನು ಇಷ್ಟು ಬಗೆಯಲ್ಲಿ ತೋರಿಸಬಹುದು ಅಂತ ನನಗೆ ಗೊತ್ತಿರಲಿಲ್ಲ.

ಪುರುಸೊತ್ತಿಲ್ಲ ಅನ್ನುವುದಾದರೆ ಇದರಿಂದಲೇ ಶುರು ಮಾಡು, ಬರೀ 16 ನಿಮಿಷ. ‘ಘಟಶ್ರಾದ್ಧ’ವನ್ನು ಮಾತ್ರ ಮೊಬೈಲಿನಲ್ಲಿ ನೋಡಬೇಡ, ದೊಡ್ಡ ಪರದೆ ಸಿಗುವವರೆಗೆ ಕಾಯಿ. ನೋಡಿದ ಮೇಲೆ ನಾಣಿಯ ಬಗ್ಗೆ ನಿನಗೇನನಿಸಿತು, ಅದನ್ನು ಬರಿ.

ನಿನ್ನ ಗೆಳೆಯ