ಪ್ರಾಯ ಆಯ್ತಲ್ಲ ಅಂತ ಬಿಟ್ಟುಬಿಡ್ಬೇಡಿ

ಸಂಪಾದಕರೇ,

ನಮ್ಮ ಅಮ್ಮನಿಗೆ 72. ಹೋದ ಮಳೆಗಾಲದಿಂದ ಮೈಕೈ ನೋವು, ಬೆಳಗಿನ ಜಾವ 3 ಗಂಟೆಗೇ ಎಚ್ಚರ, ಗಂಜಿಯೂ ಬೇಡ, ಇಡೀ ರಾತ್ರಿ ಯಕ್ಷಗಾನ ಆಟ ನೋಡ್ತಿದ್ದವರು ಪಕ್ಕದ ಗದ್ದೆಯಲ್ಲೇ ಮೇಳ ಬಂದ್ರೂ ಹೋಗ್ಲಿಲ್ಲ, ನಾವು ಪ್ರಾಯ ಆಯ್ತಲ್ಲ ಅಂತ ಸುಮ್ಮನೆ ಕೂತೆವು. ಬೇಜಾರು ಅಂತ ಒಂದು ಸಲವೂ ಹೇಳಿದವರಲ್ಲ, ಅತ್ತದ್ದೂ ಇಲ್ಲ. ಟೆಸ್ಟ್ ಎಲ್ಲ ನಾರ್ಮಲ್. ಕೊನೆಗೆ ಮನೋವೈದ್ಯರು ಡಿಪ್ರೆಶನ್ ಅಂದ್ರು, ಪ್ರಾಯ ಆದವರಲ್ಲಿ ಅದು ಎಷ್ಟೋ ಸಲ ಹೀಗೆ ನೋವು, ನಿದ್ದೆಗೇಡು, ಮರೆವಿನ ಹಾಗೇ ಕಾಣೋದಂತೆ. ಮದ್ದಿನಿಂದ ಈಗ ಅಡ್ಡಿಯಿಲ್ಲ, ಮಲ್ಲಿಗೆ ಕಟ್ಲಿಕ್ಕೆ ಕೂತ್ಕೊಳ್ತಾರೆ.

ಇದನ್ನು ಪತ್ತೆಹಚ್ಚೋ 15 ಪ್ರಶ್ನೆಗಳ ಪಟ್ಟಿ ಉಂಟು, ಹೌದು ಇಲ್ಲ ಅಂದ್ರೆ ಸಾಕು. ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ನೋಡುವಾಗ ಇದನ್ನೂ ದಯವಿಟ್ಟು ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ರೆ ದುಡ್ಡು ಕೊಡ್ಲಿಕ್ಕಿಲ್ಲ.

- ಓದುಗ, ಉಡುಪಿ