ಯಾವ ಸದ್ದಿಗೆ ಮುಖ ಸಿಂಡರಿಸಿದರು?

ಪ್ರೀತಿಯ ತಂಗಿ,

ಅಮೆರಿಕದ ಹಾಡುಗಾರ್ತಿ ರೆಜಿನಾ ಸ್ಪೆಕ್ಟರ್ ಅವರ ‘ಬಿಗಿನ್ ಟು ಹೋಪ್’ ಆಲ್ಬಮ್ ಕೇಳಿದವರು ಏನಂದರು ಎಂದು ನೀನು ಬರೆದ ಲೇಖನ ಓದಿದೆ. ತುಂಬಾ ಜನರನ್ನು ಮಾತಾಡಿಸಿದ್ದೀಯ, ಖುಷಿಯಾಯಿತು. ಆದರೆ ಓದಿ ಮುಗಿಸಿದಾಗ ‘ಕೆಲವರಿಗೆ ಹಿಡಿಸಿತು, ಕೆಲವರಿಗೆ ಹಿಡಿಸಲಿಲ್ಲ’ ಅನ್ನೋದಷ್ಟೇ ಕೈಗೆ ಸಿಕ್ಕಿತು. ಈ ಮಾತನ್ನು ಯಾವ ಆಲ್ಬಮ್‌ಗೆ ಬೇಕಾದರೂ ಹೇಳಬಹುದು, ಅಲ್ವಾ?

ಜನ ಮುಖ ಸಿಂಡರಿಸಿದ್ದು ಯಾವ ಸದ್ದಿಗೆ ಅಂತ ಹುಡುಕು. ‘ಫಿಡೆಲಿಟಿ’ ಹಾಡನ್ನೇ ತಗೋ. ‘ಹಾರ್ಟ್’ ಅನ್ನೋ ಪುಟ್ಟ ಪದವನ್ನು ಆಕೆ ನೆಟ್ಟಗೆ ಹಾಡಿ ಮುಗಿಸುವುದಿಲ್ಲ. ಹಾ-ಆ-ಆ-ಆರ್ಟ್ ಅಂತ ಗಂಟಲಲ್ಲೇ ತುಂಡು ತುಂಡು ಮಾಡುತ್ತಾರೆ. ಮನಸ್ಸು ಒಡೆಯುವ ಮಾತು ಬಂದಾಗ ದನಿಯೂ ಒಡೆಯುತ್ತದೆ. ಒಬ್ಬರಿಗೆ ಅಲ್ಲೇ ಮೈ ಜುಮ್ಮೆನ್ನುತ್ತದೆ. ಇನ್ನೊಬ್ಬರಿಗೆ ಅದು ಬರೀ ಗಿಮಿಕ್ಕು ಅನ್ನಿಸುತ್ತದೆ. ಇಬ್ಬರೂ ಕೇಳಿದ್ದು ಅದೇ ಒಂದೆರಡು ಸೆಕೆಂಡು. ನಿನ್ನ ಲೇಖನ ಶುರುವಾಗಬೇಕಾದದ್ದು ಅಲ್ಲಿಂದ.

ಹಳೆಯ ಅಭಿಮಾನಿಗಳ ಬೇಸರವನ್ನು ನೀನು ಒಂದೇ ಸಾಲಿನಲ್ಲಿ ಹಾರಿಸಿಬಿಟ್ಟಿದ್ದೀಯ. ನನಗೆ ಅದು ಸರಿ ಕಾಣಲಿಲ್ಲ. 2006ರ ಈ ಆಲ್ಬಮ್ ದೊಡ್ಡ ಕಂಪನಿಯಿಂದ ಬಂದದ್ದು. ಡ್ರಮ್ಸು, ಎಲೆಕ್ಟ್ರಾನಿಕ್ ಬೀಟು ಎಲ್ಲ ನುಣುಪಾಗಿವೆ. ಅದಕ್ಕೂ ಮುಂಚಿನ ‘ಸೋವಿಯತ್ ಕಿಚ್’ನಲ್ಲಿ ‘ಪೂರ್ ಲಿಟಲ್ ರಿಚ್ ಬಾಯ್’ ಅಂತ ಒಂದು ಹಾಡಿದೆ. ಅದರಲ್ಲಿ ಆಕೆಯ ಒಂದು ಕೈ ಪಿಯಾನೋ ಮೇಲೆ. ಇನ್ನೊಂದು ಕೈಯಲ್ಲಿ ಡ್ರಮ್ ಕಡ್ಡಿ. ಅದರಿಂದ ಕುರ್ಚಿಗೆ ಟಕಟಕ ಬಡಿಯುತ್ತಾ ಹಾಡುತ್ತಾರೆ. ಆ ಸದ್ದಿಗೆ ಮನಸೋತವರು ‘ಬಿಗಿನ್ ಟು ಹೋಪ್’ ಕೇಳಿದಾಗ ಕುರ್ಚಿಯನ್ನೇ ಹುಡುಕುತ್ತಾರೆ. ಅವರದ್ದು ಬರೀ ಹಟ ಅಂತ ತಳ್ಳಿಹಾಕಬೇಡ.

ಆ ಒರಟುತನಕ್ಕೆ ಒಂದು ಊರಿದೆ, ಒಂದು ಕಾಲವಿದೆ. ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನಲ್ಲಿ, 1980ರ ದಶಕದಲ್ಲಿ, ಲ್ಯಾಚ್ ಎಂಬ ಹಾಡುಗಾರ ಮತ್ತು ಅವರ ಗೆಳೆಯರಿಂದ ಆಂಟಿ-ಫೋಕ್ ಅನ್ನೋ, ನಯನಾಜೂಕಿಲ್ಲದ ಒರಟು ಹಾಡಿನ ಬಗೆ ಶುರುವಾಯಿತು. ಆಮೇಲೆ ಸೈಡ್‌ವಾಕ್ ಕೆಫೆ ಅದರ ಅಡ್ಡಾ ಆಯಿತು. ಯಾರು ಬೇಕಾದರೂ ಮೈಕಿನ ಮುಂದೆ ನಿಂತು ಹಾಡಬಹುದಿತ್ತು. ದನಿ ನಡುಗಿದರೂ ಹಾಡು ನಿಜ ಅನ್ನಿಸಿದರೆ ಸಾಕಿತ್ತು. ಸ್ಪೆಕ್ಟರ್ ಕೂಡ ಅಲ್ಲಿ ಹಾಡಿ ಬೆಳೆದವರು.

ಅದೇ ಗುಂಪಿನ ‘ಮೋಲ್ಡಿ ಪೀಚಸ್’ ಎಂಬ ಬ್ಯಾಂಡಿನ ಹಾಡೊಂದು 2007ರಲ್ಲಿ ‘ಜೂನೋ’ ಸಿನಿಮಾದಲ್ಲಿ ಬಂದಿತು. ಸೈಡ್‌ವಾಕ್ ಕೆಫೆಯ ಹೆಸರೂ ಕೇಳದವರಿಗೆ ಆ ಹಾಡು ತಲುಪಿತು. ಹಾಗಾಗಿ ಕೇಳುಗರು ಸಿಕ್ಕಿದ ತಕ್ಷಣ ‘ಇಷ್ಟವಾಯ್ತಾ?’ ಅಂತ ಕೇಳಬೇಡ. ‘ಇಂಥ ಹಾಡು ಮೊದಲು ಎಲ್ಲಿ ಕೇಳಿದಿರಿ?’ ಅಂತ ಕೇಳು. ಸಿನಿಮಾದಿಂದ ಬಂದವರ ಕಿವಿ ಬೇರೆ, ಕೆಫೆಯಲ್ಲಿ ಕೂತು ಕೇಳಿದವರ ಕಿವಿ ಬೇರೆ. ‘ವಿಚಿತ್ರವಾಗಿದೆ’ ಅಂದರೆ ಅಷ್ಟಕ್ಕೇ ಬಿಡಬೇಡ. ಪಕ್ಕದಲ್ಲಿ ಕೂತು ಹಾಡು ಹಾಕು. ಅವರ ಮುಖ ಎಲ್ಲಿ ಬದಲಾಗುತ್ತದೆ ನೋಡು.

ನಿನಗೆ ಏನನ್ನಿಸಿತು ಅನ್ನೋದನ್ನೂ ಬರೆ. ಎಲ್ಲರ ಮಾತಿನ ಹಿಂದೆ ಅಡಗಿ ಕೂತರೆ ಓದುಗರು ನಿನ್ನನ್ನು ಯಾಕೆ ನಂಬಬೇಕು?

‘ಅರ್ಧಕ್ಕೇ ನಿಲ್ಲಿಸಿಬಿಟ್ಟೆ’ ಅಂದವರೊಬ್ಬರು ನಿನ್ನ ಲೇಖನದಲ್ಲಿದ್ದಾರಲ್ಲ, ಅವರನ್ನು ಇನ್ನೊಮ್ಮೆ ಮಾತಾಡಿಸು. ಯಾವ ಹಾಡಿನಲ್ಲಿ, ಯಾವ ಸಾಲಿಗೆ ನಿಲ್ಲಿಸಿದರು ಅಂತ ಕೇಳಿ ನನಗೆ ಬರೆ.

ಪ್ರೀತಿಯಿಂದ,
ನಿನ್ನ ಅಕ್ಕ