ಕಿತ್ತಳೆ ಗಿಡದ ಜೊತೆ ಇನ್ನು ತಾಯಿ ಮರದ ನಂಬರ್

ಪ್ರೀತಿಯ ಗ್ರಾಹಕರೇ,

ಈ ಮುಂಗಾರಿನಿಂದ ನಮ್ಮ ನರ್ಸರಿಯ ಪ್ರತಿ ಕಿತ್ತಳೆ ಕಸಿ ಗಿಡಕ್ಕೂ ಒಂದು ಚೀಟಿ ಕಟ್ಟಿ ಕೊಡುತ್ತೇವೆ. ತಾಯಿ ಮರದ (ಕಸಿಯ ಕಣ್ಣು, ಅಂದರೆ ಮೊಗ್ಗು ತೆಗೆದ ಮರದ) ನಂಬರ್, ಬೇರುಗಿಡ (ಕಸಿ ಕಟ್ಟಿಸಿಕೊಳ್ಳುವ ಬುಡದ ಗಿಡ) ಯಾವುದು, ಕಸಿ ಕಟ್ಟಿದ ತಿಂಗಳು, ಇಷ್ಟು ಅದರಲ್ಲಿರುತ್ತದೆ. ಗಿಡಕ್ಕೆ 20 ರೂಪಾಯಿ ಜಾಸ್ತಿಯಾಗುತ್ತದೆ. ಈಗಾಗಲೇ ಬುಕಿಂಗ್ ಮಾಡಿದವರಿಗೆ ಹಳೆಯ ಬೆಲೆಯೇ.

ಗಿಡ ಕೊಳ್ಳಲು ಬರುವವರು ಮೊದಲು ಕೇಳುವುದೇ, "ಇದು ನಮ್ಮ ಕೊಡಗಿನ ಕಿತ್ತಳೆಯೇ ತಾನೇ?" ಅಂತ. ಮಡಿಕೇರಿ ಸಂತೆಯಲ್ಲೇ ನಾಗಪುರದ ಹಣ್ಣು ಕೊಡಗಿನ ಹೆಸರಲ್ಲಿ ಮಾರಾಟವಾಗುವಾಗ ಈ ಪ್ರಶ್ನೆ ಸಹಜ. ಹಣ್ಣಾದರೆ ಗುರುತು ಸಿಗುತ್ತದೆ. ಹಸಿರು ಕಲೆತ ಹಳದಿ ಸಿಪ್ಪೆ, ಸುಲಭವಾಗಿ ಬಿಡಿಸಿ ಬರುವ ತೊಳೆ, ಸಿಹಿಯ ಜೊತೆ ಹುಳಿ. ಆದರೆ ಪ್ಯಾಕೆಟ್‌ನಲ್ಲಿರುವ ಮೊಣಕಾಲೆತ್ತರದ ಗಿಡದ ಎಲೆ ನೋಡಿ ಯಾರು ಹೇಳಬಲ್ಲರು?

ಕಿತ್ತಳೆ ಬೀಜದ ಸ್ವಭಾವವೂ ವಿಚಿತ್ರ. ಒಂದೇ ಬೀಜದಿಂದ ಎರಡು ಮೂರು ಸಸಿ ಬರುವುದನ್ನು ನೀವೂ ನೋಡಿರುತ್ತೀರಿ. ಅವುಗಳಲ್ಲಿ ಬಹುಪಾಲು ಪರಾಗದ ಅಂಶ ಬೆರೆಯದೆ ತಾಯಿಯ ಅಂಶದಿಂದಲೇ ಹುಟ್ಟಿದವು, ಅಂದರೆ ತಾಯಿಯ ಪಡಿಯಚ್ಚು. ನಡುವೆ ಒಂದೊಂದು ಸಸಿ ಮಾತ್ರ ಬೇರೆ ಮರದ ಪರಾಗ ಬೆರೆತು ಹುಟ್ಟಿರುತ್ತದೆ. ಬೇರುಗಿಡಕ್ಕೆ ಬೆಳೆಸುವ ರಂಗಪುರ ನಿಂಬೆಯ ಬೀಜದಲ್ಲೂ ಹೀಗೇ. ಸೊರಗಿದ, ಬೇರೆ ತರಹ ಕಾಣುವ ಸಸಿಗಳನ್ನು ನಾವು ಕಿತ್ತು ಹಾಕುತ್ತೇವೆ. ಆದರೆ ಬೆರಕೆ ಸಸಿಯೆಲ್ಲ ಕಣ್ಣಿಗೆ ಕಾಣುವುದಿಲ್ಲ. ಡಿಎನ್‌ಎ ಪರೀಕ್ಷೆಗೆ ಕಾಣುತ್ತದೆ. ಅದಕ್ಕೇ ಪ್ರತಿ ತಾಯಿ ಮರದ ಎಲೆಯನ್ನು ಲ್ಯಾಬ್‌ಗೆ ಕೊಟ್ಟು ಅದರ ಡಿಎನ್‌ಎ ಗುರುತು ಬರೆಸಿಟ್ಟಿದ್ದೇವೆ.

ಈ ಗುರುತುಗಳು ಎಲ್ಲಿಂದ ಬಂದವು ಅನ್ನುವುದು ತಿಳಿದಿರಲಿ. 2013ರಲ್ಲಿ ಚೀನಾದ ವುಹಾನ್‌ನ ವಿಜ್ಞಾನಿಗಳು ಮೂಸಂಬಿ ಜಾತಿಯ ಸಿಹಿ ಕಿತ್ತಳೆಯ ಜೀನೋಮ್, ಅಂದರೆ ಅದರ ಡಿಎನ್‌ಎಯ ಪೂರ್ತಿ ಬರಹ, ಪ್ರಕಟಿಸಿದರು. ಮರುವರ್ಷ ನಮ್ಮ ಕಿತ್ತಳೆಗೆ ಹತ್ತಿರದ ಕ್ಲೆಮಂಟೈನ್ ಅನ್ನುವ ಹಣ್ಣಿನದೂ ಬಂತು. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯವರು ಇಂಥದ್ದನ್ನೆಲ್ಲ ಸಿಟ್ರಸ್ ಜೀನೋಮ್ ಡೇಟಾಬೇಸ್ ಅಂತ ಒಂದೆಡೆ ಕೂಡಿಸಿ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಕಿತ್ತಳೆ, ನಿಂಬೆ, ಚಕ್ಕೋತ ಎಲ್ಲಕ್ಕೂ 9 ಜೊತೆ ವರ್ಣತಂತು (ಜೀನ್‌ಗಳನ್ನು ಹೊತ್ತ ಎಳೆ, ಕ್ರೋಮೋಸೋಮ್). ಯಾವ ಜೀನ್ ಯಾವ ವರ್ಣತಂತುವಿನಲ್ಲಿದೆ, ಯಾವ ಗುರುತಿನಿಂದ ತಳಿಗಳನ್ನು ಬೇರ್ಪಡಿಸಬಹುದು, ಎಲ್ಲ ಅಲ್ಲಿ ಹುಡುಕಬಹುದು. ಸೇಬು, ಪೀಚ್, ಗುಲಾಬಿಯ ಕುಟುಂಬಕ್ಕೆ ಇಂಥದ್ದೇ ಡೇಟಾಬೇಸ್ 2003ರಲ್ಲೇ ಶುರುವಾಗಿತ್ತು. ಎಷ್ಟು ದೊಡ್ಡ ಉಪಕಾರ, ಅಲ್ವಾ!

ಆದರೆ ನಮ್ಮ ಮಳೆಯಲ್ಲಿ, ಕಾಫಿ ತೋಟದ ನೆರಳಲ್ಲಿ ಯಾವ ಮರ ತಾಳುತ್ತದೆ ಅನ್ನುವುದನ್ನು ಅಲ್ಲಿಂದ ತಿಳಿಯಲಾಗದು. ಜೀನಿನ ಅಕ್ಷರಗಳ ಪಕ್ಕದಲ್ಲಿ ಮರದ ನಡತೆಯನ್ನೂ ಯಾರಾದರೂ ಬರೆದಿಟ್ಟರೆ ಮಾತ್ರ ಡೇಟಾಬೇಸ್ ರೈತನ ಕೆಲಸಕ್ಕೆ ಬರುತ್ತದೆ. ಅದಕ್ಕೇ ನಮ್ಮ ತಾಯಿ ಮರಗಳದ್ದೇ ಒಂದು ಚಿಕ್ಕ ಡೇಟಾಬೇಸ್ ಕಟ್ಟುತ್ತಿದ್ದೇವೆ. ಚೀಟಿಯ ನಂಬರನ್ನು ಫೋನಿನಲ್ಲಿ ಹಾಕಿದರೆ ಆ ಮರದ ವಿವರ ನಿಮಗೆ ಕಾಣುತ್ತದೆ. ವರ್ಷಕ್ಕೊಮ್ಮೆ ನೀವೂ ಒಂದೆರಡು ಸಾಲು ಬರೆಯಿರಿ: ಮೊದಲ ಫಲ ಯಾವಾಗ ಬಂತು, ಮಳೆಗಾಲದ ಬೆಳೆ ಹೇಗಿತ್ತು, ಕೊಂಬೆ ತುದಿಯಿಂದ ಒಣಗುತ್ತಿದೆಯಾ, ನೀರು ನಿಲ್ಲುವ ಜಾಗವಾ. ಗಿಡ ಸತ್ತರೆ ದಯವಿಟ್ಟು ಅದನ್ನೂ ಬರೆಯಿರಿ, ನಮಗೆ ಅದು ತುಂಬಾ ಮುಖ್ಯ. ನಿಮ್ಮ ಹೆಸರಾಗಲಿ ತೋಟದ ಜಾಗವಾಗಲಿ ಯಾರಿಗೂ ಕಾಣುವುದಿಲ್ಲ, ತಾಲ್ಲೂಕು ಮಾತ್ರ ಕಾಣುತ್ತದೆ. ಬರೆಯಲು ಇಷ್ಟವಿಲ್ಲದಿದ್ದರೆ ಬಲವಂತವೇನಿಲ್ಲ.

ಒಂದು ವಿಷಯ ಸ್ಪಷ್ಟವಾಗಿರಲಿ. ತಳಿಯ ಪರೀಕ್ಷೆ ಬೇರೆ, ರೋಗದ ಪರೀಕ್ಷೆ ಬೇರೆ. ಟ್ರಿಸ್ಟೆಜಾ ವೈರಸ್, ಗ್ರೀನಿಂಗ್ ರೋಗ ಎರಡೂ ಕಸಿಯ ಕಣ್ಣಿನ ಜೊತೆಯೇ ಹೊಸ ಗಿಡಕ್ಕೆ ದಾಟುತ್ತವೆ. ಅದಕ್ಕೆ ತಾಯಿ ಮರಗಳಿಗೆ ಆ ಪರೀಕ್ಷೆಯನ್ನೂ ಮಾಡಿಸುತ್ತೇವೆ. ಜಾಸ್ತಿಯಾದ ಹಣ ಈ ಎರಡಕ್ಕೇ ಹೋಗುತ್ತದೆ. ಹಾಗಂತ ನಿಮ್ಮ ತೋಟಕ್ಕೆ ಹೋದ ಮೇಲೆ ರೋಗ ಬರುವುದೇ ಇಲ್ಲ ಅಂತ ಅಲ್ಲ. ಟ್ರಿಸ್ಟೆಜಾವನ್ನು ಗಿಡಹೇನು ಹರಡುತ್ತದೆ, ಗ್ರೀನಿಂಗನ್ನು ಸೈಲಿಡ್ ಹುಳ. ಹೊಸ ಚಿಗುರು ಬಂದಾಗ ಈ ಹುಳಗಳಿವೆಯಾ ಅಂತ ನೋಡುತ್ತಿರಿ.

ನಮ್ಮ ಮರಗಳ ಎಲೆಯನ್ನಾಗಲಿ ಮಾಹಿತಿಯನ್ನಾಗಲಿ ನಾವು ವಿದೇಶಕ್ಕೆ ಕಳಿಸುತ್ತಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಇದೆ, ಅನುಮತಿ ಇಲ್ಲದೆ ಹಾಗೆ ಮಾಡುವಂತಿಲ್ಲ. ಮಾಡುವ ಮನಸ್ಸೂ ನಮಗಿಲ್ಲ.

ಚೀಟಿ ಇಲ್ಲದ ಹಳೆಯ ಗಿಡಗಳು ಸ್ವಲ್ಪ ಉಳಿದಿವೆ, ಮುಗಿಯುವವರೆಗೆ ಹಳೆಯ ಬೆಲೆಗೇ ಸಿಗುತ್ತವೆ. ನಿಮ್ಮ ತೋಟದಲ್ಲಿ ಅಜ್ಜನ ಕಾಲದ, ಇಂದಿಗೂ ಚೆನ್ನಾಗಿ ಹಣ್ಣು ಬಿಡುವ ಕಿತ್ತಳೆ ಮರ ಇದ್ದರೆ ತಿಳಿಸಿ. ಬಂದು ನೋಡುತ್ತೇವೆ. ನೀವು ಒಪ್ಪಿದರೆ ಪರೀಕ್ಷೆ ಮಾಡಿಸಿ ಅದಕ್ಕೂ ಒಂದು ನಂಬರ್ ಕೊಡುತ್ತೇವೆ. ಪರೀಕ್ಷೆಯ ಖರ್ಚು ನಮ್ಮದು.

ಇಂತಿ ನಿಮ್ಮ,
ನರ್ಸರಿ ಬಳಗ